ಮೇಯರನ ಪುಟ

"ತಗೊಳ್ಳಿ ತೋಂಕಾ ಅತ್ತೆ, ಸತ್ತವರ ಹೆಸರಿನ ಗೋಧಿ ಬೇಡ ಅನ್ನಬಾರದು," ಎನ್ನುತ್ತ ರಾಲಿತ್ಸಾ, ಸಕ್ಕರೆ ಉದುರಿಸಿದ ಬೆಂದ ಗೋಧಿಯ ಲೋಟವನ್ನು ಮುದುಕಿಯ ಕೈಗೆ ತುರುಕಿದಳು. ಅಪ್ಪನ ಗೋರಿಯ ಮಣ್ಣು ಇನ್ನೂ ಹಸಿಯಾಗಿತ್ತು.

"ದೇವರು ಕ್ಷಮಿಸ್ಲಿ ಅವನನ್ನ. ಆದ್ರೂ ನನ್ ತಮ್ಮ ಕಡೇತನಕ ಆ ಮೇಯರ್ ಬಾಲ ಆಗೇ ಉಳ್ದ ನೋಡು."

ರಾಲಿತ್ಸಾಗೆ ಜಗಳಕ್ಕೆ ತ್ರಾಣವಿರಲಿಲ್ಲ. ಅಪ್ಪ ಮೆತೋದಿ ಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದವನು. ನಿವೃತ್ತನಾದ ಮೇಲೆ, ಯಾರು ಬೇಕಾದರೂ ಬರೆಯಬಹುದಾದ ಇಂಟರ್ನೆಟ್ ವಿಶ್ವಕೋಶದಲ್ಲಿ ಬದುಕಿರುವವರ ಪುಟಗಳಿಗೆ ಆಧಾರವಿಲ್ಲದ ಮಾತು ಸೇರದಂತೆ ಪುಕ್ಕಟೆಯಾಗಿ ಕಾಯುತ್ತಿದ್ದ. ಹೆಚ್ಚಿನ ಕಾವಲು ಊರಿನ ಮೇಯರ್ ದ್ರೆನ್ಸ್ಕಿಯ ಪುಟಕ್ಕೆ. ಅಪ್ಪ ನಿಜಕ್ಕೂ ಅವನ ಆಳಾಗಿದ್ದನೇ? ಇನ್ನು ಯಾರನ್ನು ಕೇಳುವುದು?

*

ಕೆಲವು ವರ್ಷಗಳ ಹಿಂದೆ, ಮೇಯರನ ಪಕ್ಷದ ಪೋಸ್ಟರ್ ಅಂಟಿಸಲು ಒಪ್ಪದ ಗಂಡ ವೆಲ್ಕೊನನ್ನು ದ್ರೆನ್ಸ್ಕಿ ನೀರು ಸರಬರಾಜಿನ ಕೆಲಸದಿಂದ ಕಿತ್ತುಹಾಕಿದಾಗ, ರಾಲಿತ್ಸಾ ಅದನ್ನು ಆ ಪುಟದಲ್ಲಿ ಬರೆದಿದ್ದಳು. ಅವಳ ಕಾಫಿ ಆರುವ ಮೊದಲೇ ಅಪ್ಪ ಅಳಿಸಿದ್ದ.

"ನಾನು ಬರ್ದಿದ್ದು ಸುಳ್ಳಾ ಅಪ್ಪಾ?"

"ಸುಳ್ಳಲ್ಲ ಮಗಳೇ. ಎಲ್ಲಿ ಅಚ್ಚಾಗಿದೆ ತೋರ್ಸು. ಯಾರಾದ್ರೂ ವಿಚಾರ್ಸಿ ಬರೀಲಿ, ನಾನೇ ಹಾಕ್ತೀನಿ."

"ಊರಿನ ಪೇಪರ್ ಅವನ ಭಾವಮೈದುನಂದು! ಯಾರು ಬರೀತಾರೆ?"

"ಅದಕ್ಕೇ ಆ ಪೇಪರಿನ ಹೊಗಳಿಕೇನೂ ತೆಗ್ದಿದ್ದೀನಿ." ಅಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಅವನಿಗೂ ಸುಸ್ತಾಗಿತ್ತು. ರಾಲಿತ್ಸಾ ಬಾಗಿಲು ಬಡಿದು ಹೊರಟವಳು ಮತ್ತೆ ಆ ಮನೆಗೆ ಹೋಗಲಿಲ್ಲ.

*

ಗೋರಿಯ ಬಳಿಯಿಂದ ಜನ ಚದುರುವಾಗ ಎರಡು ಬಿಳಿ ಹೂ ಹಿಡಿದು ದ್ರೆನ್ಸ್ಕಿಯೇ ಬಂದ. ಗುಸುಗುಸು ಎದ್ದಿತು.

"ನಿಮ್ಮಪ್ಪ ನನಗೆ ಒಂದಿನಾನೂ ನೆಮ್ಮದಿ ಕೊಡ್ಲಿಲ್ಲಮ್ಮ," ಎಂದ. "ಅಕ್ರಮ ಮರಳು ಕೇಸಲ್ಲಿ ಕೋರ್ಟು ನನಗೆ ದಂಡ ಹಾಕಿತು ಅನ್ನೋ ಸಾಲು ಪುಟದಿಂದ ತೆಗೀರಿ ಅಂತ ಅಂಗಲಾಚ್ದೆ, ಬೆದರಿಸ್ದೆ. ತೀರ್ಪು ಅಚ್ಚಾಗಿದೆ, ಇರ್ಲಿ ಅಂದ್ರು."

"ಮತ್ಯಾಕೆ ಬಂದ್ರಿ?"

"ಅವರು ಕಣ್ಮುಚ್ಚಿದ್ದೇ ತಡ, ನಾನು ಹೆಂಡ್ತಿಗೆ ವಿಷ ಹಾಕಿ ಕೊಂದೆ ಅಂತ ಯಾರೋ ಆ ಪುಟದಲ್ಲಿ ಬರ್ದಿದ್ದಾರೆ. ನನ್ ಮಗಳು ಓದಿದ್ಲು. ನಾನೇ ಅಳಿಸಿದ್ರೆ ನಂಬೋರ್ಯಾರು?"

ಅಪ್ಪ ಯಾರ ಆಳೂ ಆಗಿರಲಿಲ್ಲ. ಇಷ್ಟು ವರ್ಷ ಮುಖ ತಿರುಗಿಸಿಕೊಂಡಿದ್ದು ದಂಡವಾಯಿತಲ್ಲ ಎಂದು ರಾಲಿತ್ಸಾ ಅಲ್ಲೇ ನಿಂತು ಅತ್ತಳು.

ಮನೆಯಲ್ಲಿ ಸಾವಿನ ಊಟಕ್ಕೆ ಕೂತವರ ಬಾಯಲ್ಲಿ ಅದೇ ಮಾತು. "ವಿಷ ಹಾಕಿದ್ನಂತೆ! ಬರ್ದೋನ ಕೈಗೆ ಚಿನ್ನದ ಕಡಗ ತೊಡಿಸ್ಬೇಕು," ಎಂದು ತೋಂಕಾ ಅತ್ತೆ ನಕ್ಕಳು. ದ್ರೆನ್ಸ್ಕಿಯ ಹೆಂಡತಿ ಕ್ಯಾನ್ಸರಿನಿಂದ ಸತ್ತ ವಾರ್ಡಿನಲ್ಲಿ ರಾಲಿತ್ಸಾ ನರ್ಸಾಗಿದ್ದಳು. ತನ್ನ ಫೋನಿನಲ್ಲಿ ಆ ಪುಟ ತೆರೆದು ಸಾಲನ್ನು ಅಳಿಸಿದಳು.

"ಏನ್ ಮಾಡ್ದೆ?" ವೆಲ್ಕೊ ಕೇಳಿದ.

"ಅಳಿಸ್ದೆ."

"ನಮ್ಮ ಅನ್ನ ಕಿತ್ಕೊಂಡೋನು ಕಣೇ ಅವ್ನು!"

"ಕಿತ್ಕೊಂಡ. ಹೆಂಡ್ತೀನ ಕೊಂದಿಲ್ಲ."

ವೆಲ್ಕೊ ಕುರ್ಚಿ ಹಿಂದೆ ತಳ್ಳಿ ಅಂಗಳಕ್ಕೆ ಹೋದ. ಸ್ವಲ್ಪ ಹೊತ್ತಿಗೆ ಅವಳ ಫೋನಿನಲ್ಲಿ ಅದೇ ಸಾಲು ಮತ್ತೆ ಬಂತು, ಅಕ್ಷರಶಃ ಹಾಗೆಯೇ. ಅವಳು ಅಳಿಸಿದಳು. ಮತ್ತೆ ಬಂತು. ತಲೆಯೆತ್ತಿ ಕಿಟಕಿಯಾಚೆ ನೋಡಿದಳು. ದ್ರಾಕ್ಷಿ ಚಪ್ಪರದಡಿ ವೆಲ್ಕೊ ಇವಳಿಗೆ ಬೆನ್ನು ಹಾಕಿ ನಿಂತು, ಫೋನಿನ ಮೇಲೆ ಬಗ್ಗಿ, ಹೆಬ್ಬೆರಳಾಡಿಸುತ್ತಿದ್ದ.