ಲಿಂಗ ಕೂರುವ ಜಾಗ

ನಾಸಿಕ್ ರೋಡಿನ ಗುರುಲಿಂಗಪ್ಪನ ಕಿವಿಗೆ ಒಂದು ಸುದ್ದಿ ಬಿದ್ದರೆ ಮುಗಿಯಿತು, ಸಂಜೆಯೊಳಗೆ ಅದು ರೈಲ್ವೆ ಸ್ಟೇಷನ್ ದಾಟಿ ಬಸ್ ಸ್ಟ್ಯಾಂಡ್ ಮುಟ್ಟುತ್ತಿತ್ತು. ಬೀದರಿನಿಂದ ಬಂದು ಇಲ್ಲಿ ಬೇಳೆಕಾಳಿನ ಅಂಗಡಿ ಇಟ್ಟ ಮನುಷ್ಯ, ಕಾಳು ತೂಗಿದ್ದಕ್ಕಿಂತ ಮಾತಾಡಿದ್ದೇ ಹೆಚ್ಚು. ಇಂಥವನಿಗೆ ಹೆಂಡತಿ ರುಕ್ಮಿಣಿಬಾಯಿಯ ಎಡಗೈಯಲ್ಲಿ ಕಪ್ಪು ಗುರುತೊಂದು ಮೂಡಿದ್ದು ಗೊತ್ತಾದರೆ ಸುಮ್ಮನಿರುತ್ತಾನೆಯೇ?

“ದಿನಾ ಲಿಂಗಪೂಜಿ ಮಾಡಿ ಮಾಡಿ ಅಂಗೈದಾಗ ಲಿಂಗದ ಗುರುತೇ ಮೂಡ್ಯಾದ ನೋಡ್ರಿ!” ಎಂದು ಓಣಿಗೆಲ್ಲ ಸಾರಿದ.

ಸರಿ, ಸೋಮವಾರ ಬಂತೆಂದರೆ ಓಣಿಯ ಕನ್ನಡದ ಹೆಂಗಸರು ಬಂದು ರುಕ್ಮಿಣಿಬಾಯಿಯ ಎಡಗೈ ಹಿಡಿದು ಕಣ್ಣಿಗೊತ್ತಿಕೊಳ್ಳತೊಡಗಿದರು. ಎದುರುಮನೆಯ ಕಮಲಾಬಾಯಿಯಂತೂ ಒಂದು ವಾರವೂ ತಪ್ಪಿಸಲಿಲ್ಲ. ರುಕ್ಮಿಣಿಬಾಯಿಗೆ ಮೊದಮೊದಲು ನಾಚಿಕೆ, ಆಮೇಲೆ ಹಿತ. ಯಾಕೆ ಸುಳ್ಳು ಹೇಳಬೇಕು? ಮದುವೆಯಾದಾಗಿನಿಂದ ರೊಟ್ಟಿ ಬಡಿದು, ಪಾತ್ರೆ ತಿಕ್ಕಿ ಸವೆದ ಕೈ ಅದು. ಅದಕ್ಕೊಂದು ಮರ್ಯಾದೆ ಅಂತ ಬಂದದ್ದು ಈಗಲೇ.

ಆದರೆ ಮೆಣಸಿನಕಾಳಿನಷ್ಟಿದ್ದ ಗುರುತು ವರ್ಷದೊಳಗೆ ಹುಣಸೆಬೀಜದಷ್ಟಾಯಿತು. ಒಂದು ಕಡೆ ಕಡುಕಪ್ಪು, ಇನ್ನೊಂದು ಕಡೆ ಕಂದು, ಅಂಚೆಲ್ಲ ಸೊಟ್ಟಂಪಟ್ಟ. ರೊಟ್ಟಿ ಬಡಿಯುವಾಗ ಚುರುಚುರು ಎನ್ನುತ್ತಿತ್ತು. ಇವಳು ಬಾಯಿ ಬಿಡಲಿಲ್ಲ. ಲಿಂಗದ ಗುರುತು ನೋಯುತ್ತದೆ ಅಂತ ಯಾರ ಮುಂದೆ ಹೇಳುವುದು?

ನಾಸಿಕ್‌ನ ಚರ್ಮದ ಡಾಕ್ಟರೊಬ್ಬರಿಗೆ ತೋರಿಸಿದ್ದೂ ಆಯಿತು. ಅವರು ಕೈ ಮುಟ್ಟುವ ಮೊದಲೇ ಗುರುಲಿಂಗಪ್ಪ ಶುರುಹಚ್ಚಿಕೊಂಡ: ದಿನಾ ಲಿಂಗ ಅಲ್ಲೇ ಇಡುತ್ತಾಳೆ, ಉಜ್ಜಿ ಉಜ್ಜಿ ಕಪ್ಪಾಗಿದೆ, ಹಾಗೆ ಹೀಗೆ. ಹೊರಗೆ ರೋಗಿಗಳ ಸಾಲು. ಡಾಕ್ಟರು, “ಹಾಗಾದರೆ ಉಜ್ಜಿಯೇ ಆದದ್ದು, ಹೆದರಬೇಡಿ” ಎಂದು ಮುಲಾಮು ಬರೆದುಕೊಟ್ಟರು. ಅವರ ತಪ್ಪೆಂದರೆ ಕೇಳಿದ್ದನ್ನು ನಂಬಿದ್ದು.

ದೀಪಾವಳಿಗೆ ಛತ್ರಪತಿ ಸಂಭಾಜಿನಗರದಿಂದ ಬಂದ ಮಗಳು ವಿಜಯಶ್ರೀ ಆ ಕೈ ನೋಡಿ ಬೆಚ್ಚಿದಳು. “ಅವ್ವ, ಹೋದ ವರ್ಷ ಇಷ್ಟು ಇರಲಿಲ್ಲಲ್ಲ ಇದು! ನಡಿ, ನಮ್ಮ ಊರಾಗ ಇನ್ನೊಬ್ರ ಡಾಕ್ಟರಿಗಿ ತೋರಸೂಣು.”

“ಒಬ್ಬರು ನೋಡ್ಯಾರಲ್ಲ! ಮತ್ತೊಬ್ಬರ ಬಲ್ಲಿ ಹೋದ್ರ ಅವರಿಗಿ ಅವಮಾನ ಮಾಡ್ದಂಗ,” ಎಂದ ಗುರುಲಿಂಗಪ್ಪ.

“ಅಪ್ಪ, ತೊಗರಿ ತರಾಗ ನೀವು ನಾಕು ಮಂದಿ ಬಲ್ಲಿ ರೇಟ್ ಕೇಳ್ತೀರಿ. ಅವ್ವನ ಕೈ ತೊಗರಿಕಿಂತ ಕಡಿಮಿ ಆತೇನು?”

ಗುರುಲಿಂಗಪ್ಪ ಅಂಗಡಿಯ ಬಾಗಿಲು ಹಾಕಿದ. ಮೂವರೂ ಹೊರಟರು.

ಸಂಭಾಜಿನಗರದ ಡಾಕ್ಟರು ಹೆಂಗಸು, ಮರಾಠಿಯವರು. ಗುರುಲಿಂಗಪ್ಪ ಮತ್ತೆ ಲಿಂಗದ ಕಥೆ ತೆಗೆದ. ಅವರು ಕೇಳುವಷ್ಟು ಕೇಳಿ, “ಕಾಕಾ, ನೀವು ಸ್ವಲ್ಪ ಸುಮ್ಮನಿರಿ,” ಎಂದು ರುಕ್ಮಿಣಿಬಾಯಿಯ ಕಡೆ ತಿರುಗಿದರು. “ಮಾವಶಿ, ದಿನಾ ಹೇಗೆ ಹಿಡಿಯುತ್ತೀರೋ ಹಾಗೇ ಹಿಡಿದು ತೋರಿಸಿ.”

ರುಕ್ಮಿಣಿಬಾಯಿ ಕೊರಳಲ್ಲಿದ್ದ ಬೆಳ್ಳಿ ಕರಡಿಗೆ ತೆರೆದು ಬಲಗೈಯಲ್ಲಿ ಲಿಂಗ ಎತ್ತಿಕೊಂಡಳು. ಅವಳಿಗೆ ಗೊತ್ತಿತ್ತು, ಮೊದಲ ದಿನದಿಂದಲೂ ಗೊತ್ತಿತ್ತು. ಲಿಂಗ ಕೂರುವುದು ಅಂಗೈಯ ನಡುವಿನ ಕುಳಿಯಲ್ಲಿ. ಗುರುತು ಇದ್ದದ್ದು ಹೆಬ್ಬೆರಳಿನ ಬುಡದಲ್ಲಿ. ಈಗ ಕೈಯನ್ನು ತುಸು ಓರೆ ಮಾಡಿದರೆ ಸಾಕು, ಲಿಂಗ ಸರಿದು ಗುರುತಿನ ಮೇಲೆಯೇ ನಿಲ್ಲುತ್ತದೆ. ಯಾರಿಗೆ ತಿಳಿಯುತ್ತದೆ? ಗಂಡನ ಮಾತು ಉಳಿಯುತ್ತದೆ, ಸೋಮವಾರದ ಮರ್ಯಾದೆ ಉಳಿಯುತ್ತದೆ. ಆದರೆ ಶಿವಶಿವಾ, ಲಿಂಗ ಹಿಡಿದುಕೊಂಡು ಲಿಂಗದ ಹೆಸರಲ್ಲೇ ಸುಳ್ಳೇ? ಅಲ್ಲದೆ ಅವಳಿಗೆ ಹೆದರಿಕೆಯಾಗಿತ್ತು. ಅವಳಿಗೆ ಬದುಕಬೇಕಿತ್ತು.

ಅಂಗೈ ಸಮ ಮಾಡಿ ನಡುವಿನ ಕುಳಿಯಲ್ಲಿ ಲಿಂಗ ಇಟ್ಟಳು. ಗುರುತು ದೂರದಲ್ಲಿ, ಹೆಬ್ಬೆರಳಿನ ಬುಡದಲ್ಲಿ, ತನ್ನ ಪಾಡಿಗೆ ತಾನಿತ್ತು.

“ಏ, ಅಲ್ಲಲ್ಲ! ಜರಾ ಆಚಿಗಿ ಸರಸು. ದಿನಾ ಅಲ್ಲೇ ಇಡ್ತಿಯಲ್ಲ!” ಗುರುಲಿಂಗಪ್ಪ ಕುರ್ಚಿಯಿಂದ ಅರ್ಧ ಎದ್ದಿದ್ದ.

“ಎಲ್ಲಿ ಇಡ್ತೀನಿ ನನಗ ಗೊತ್ತದ್ರಿ,” ಎಂದಳು ರುಕ್ಮಿಣಿಬಾಯಿ. “ಊರಿಗೆಲ್ಲ ನನ್ನ ಕೈ ತೋರಿಸಿದ್ರಿ. ನೀವು ಒಂದಿನಾನೂ ನೋಡ್ಲಿಲ್ಲ.”

ಗುರುಲಿಂಗಪ್ಪ ಪೆಚ್ಚಾಗಿ ಕೂತುಬಿಟ್ಟ. ಡಾಕ್ಟರು ಗುರುತಿನ ಮೇಲೆ ದೀಪದ ಮಸೂರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಕೈ ಮರಗಟ್ಟಿಸುವ ಸೂಜಿಮದ್ದು ಕೊಟ್ಟು, ಚರ್ಮದ ಚೂರೊಂದನ್ನು ತೆಗೆದು ಪರೀಕ್ಷೆಗೆ ಕಳಿಸಿದರು.

ರಿಪೋರ್ಟ್ ಬಂತು. ಚರ್ಮದ ಕ್ಯಾನ್ಸರ್. “ಪುಣ್ಯಕ್ಕೆ ಇನ್ನೂ ಮೇಲ್ಪದರದಲ್ಲೇ ಇದೆ. ಸುತ್ತಲಿನ ಚರ್ಮವನ್ನೂ ಸೇರಿಸಿ ಕತ್ತರಿಸಿ ತೆಗೆಯುತ್ತೇವೆ, ಕೈ ಉಳಿಯುತ್ತದೆ. ಇನ್ನೂ ತಡ ಮಾಡಿದ್ದರೆ ಈ ಮಾತು ಹೇಳುವ ಧೈರ್ಯ ನನಗಿರುತ್ತಿರಲಿಲ್ಲ,” ಎಂದರು ಡಾಕ್ಟರು. ಗುರುಲಿಂಗಪ್ಪ ಹೊರಗಿನ ಬೆಂಚಿನ ಮೇಲೆ ಕೂತು, ಹೆಗಲ ಮೇಲಿನ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅವನನ್ನು ನೋಡಿ ರುಕ್ಮಿಣಿಬಾಯಿಗೆ ಕರುಳು ಚುರ್ ಎಂದಿತು, ಸಿಟ್ಟೂ ಬಂತು. ಸಿಟ್ಟೇ ಒಂದು ಹಿಡಿ ಜಾಸ್ತಿ.

ಆಪರೇಷನ್ ಮುಗಿಸಿಕೊಂಡು ನಾಸಿಕ್ ರೋಡಿಗೆ ಮರಳಿದರು. ಸೋಮವಾರ ಬಂತು. ಕಮಲಾಬಾಯಿ ಹೂವು ಹಿಡಿದು ಒಳಗೆ ಬಂದವಳೇ ಬ್ಯಾಂಡೇಜು ಸುತ್ತಿದ ಕೈಗೆ ಬಾಗಿದಳು. ಏನು ಹೇಳುವುದೆಂದು ರುಕ್ಮಿಣಿಬಾಯಿ ತಡವರಿಸುತ್ತಿರುವಾಗ ಒಳಕೋಣೆಯಿಂದ ಗುರುಲಿಂಗಪ್ಪ ಬಂದ.

“ಕೈ ಮುಗೀಬ್ಯಾಡ್ರಿ, ಕಮಲಾಬಾಯಿ. ಅದು ಲಿಂಗದ ಗುರುತಲ್ಲ. ಕ್ಯಾನ್ಸರ್ ಇತ್ತು. ನಾ ನೋಡ್ಲಾರದೆ ಊರಿಗೆಲ್ಲ ಸುಳ್ಳು ಹೇಳ್ದೆ.”

ಅವನ ದನಿ ಯಾವತ್ತಿನ ಹಾಗೆ ದೊಡ್ಡದೇ. ಬಾಗಿಲಾಚೆ ನಿಂತಿದ್ದ ಹೆಂಗಸರಿಗೂ ಕೇಳಿಸಿತು, ಇಬ್ಬರು ಅಲ್ಲಿಂದಲೇ ಹಿಂತಿರುಗಿದರು. ಕಮಲಾಬಾಯಿಯೂ ಹೋಗುತ್ತಾಳೆ, ಇಷ್ಟು ದಿನ ಮೋಸ ಮಾಡಿದಿರಿ ಎಂದು ನಾಲ್ಕು ಮಾತು ಅಂದೇ ಹೋಗುತ್ತಾಳೆ ಎಂದುಕೊಂಡು ರುಕ್ಮಿಣಿಬಾಯಿ ತಲೆ ತಗ್ಗಿಸಿದಳು. ಕಮಲಾಬಾಯಿ ಹೂವನ್ನು ಪಕ್ಕಕ್ಕಿಟ್ಟಳು. ಚಾಪೆಯ ಮೇಲೆ ಅವಳ ಹತ್ತಿರ ಸರಿದು ಕೂತು, ಬ್ಯಾಂಡೇಜಿನ ಕೈಯನ್ನು ಮೆಲ್ಲಗೆ ತನ್ನ ತೊಡೆಯ ಮೇಲಿಟ್ಟುಕೊಂಡಳು.

“ಅಕ್ಕಾ, ಭಾಳ ನೋಯ್ತದೇನ್ರಿ?”

ಎಷ್ಟೋ ಜನ ಕಣ್ಣಿಗೊತ್ತಿಕೊಂಡಿದ್ದ ಕೈ ಅದು. ಈ ಮಾತು ಮಾತ್ರ ಯಾರೂ ಕೇಳಿರಲಿಲ್ಲ. ರುಕ್ಮಿಣಿಬಾಯಿಗೆ ತಡೆದರೂ ನಿಲ್ಲದೆ ಅಳು ಬಂತು.

“ನೋಯ್ತದವ್ವ,” ಎಂದಳು. “ಭಾಳ ದಿನದಿಂದ ನೋಯ್ತದ.”