ಎರಡು ಸಲ ತೊಳೆದ ಪಿಕಪ್

ಅಯೋವಾ ರಾಜ್ಯದ ನಮ್ಮ ಕಡೆ ಯಾರದಾದರೂ ಗಾಡಿ ಎರವಲು ತಂದರೆ ತೊಳೆದು, ಟ್ಯಾಂಕ್ ತುಂಬಿಸಿ ವಾಪಸ್ ಕೊಡಬೇಕು. ಹಾಗೆ ಮಾಡದವನನ್ನು ಯಾರೂ ಬೈಯುವುದಿಲ್ಲ, ಮುಂದಿನ ಸಲ ಕೀಲಿ ಸಿಗುವುದಿಲ್ಲ ಅಷ್ಟೆ. ಆ ಗುರುವಾರ ನಾನು ಆರ್ಡಿಸಕ್ಕನ ಪುಟ್ಟ ಪಿಕಪ್ಪನ್ನು ಎರಡು ಸಲ ತೊಳೆದೆ. ನಾನು ನೆಟ್ಟಗಿದ್ದಿದ್ದರೆ ಒಂದೇ ಸಲ ಸಾಕಿತ್ತು.

ಶನಿವಾರ ಹಳೇ ಟ್ರಾಕ್ಟರುಗಳಿಂದ ಭಾರ ಎಳೆಸುವ ಪಂದ್ಯವಿತ್ತು, ನನ್ನದೂ ಇಳಿಯುವುದಿತ್ತು. ಹಿಂದಿನ ಚಕ್ರ ಜಾರದಂತೆ ಅದಕ್ಕೆ ಎರಕದ ಕಬ್ಬಿಣದ ಬಿಲ್ಲೆಗಳನ್ನು ಬಿಗಿಯಬೇಕು, ಒಂದೊಂದೂ ನೂರೈವತ್ತು ಪೌಂಡು. ನಲವತ್ತು ಮೈಲಿ ಆಚೆ ಇರುವ ಗೆಳೆಯ ಹಾರ್ಲನ್ ಹತ್ತಿರ ಹನ್ನೆರಡಿದ್ದವು. ನನ್ನ ದೊಡ್ಡ ಗಾಡಿ ಗ್ಯಾರೇಜಿನಲ್ಲಿತ್ತು. ಪಕ್ಕದ ಹೊಲದ ಆರ್ಡಿಸಕ್ಕನನ್ನು ಕೇಳಿದೆ.

"ನಾಲ್ಕೇ ನಾಲ್ಕು ಬಿಲ್ಲೆ ತರ್ಬೇಕಕ್ಕ."

ಗಂಡ ಲೋವೆಲ್ ತೀರಿಕೊಂಡು ಎರಡು ವರ್ಷವಾಗಿತ್ತು. ಅವನ ಪಿಕಪ್ಪನ್ನು ಆಕೆ ಮಗುವಿನ ಹಾಗೆ ನೋಡಿಕೊಂಡಿದ್ದಳು. ಆದರೂ "ಕೀಲಿ ಗಾಡೀಲೇ ಇದೆ, ತಗೊಂಡ್ಹೋಗು" ಅಂದಳು.

ಹಾರ್ಲನ್ ಆರು ಬಿಲ್ಲೆ ಏರಿಸಿ ಸೊಂಟ ಹಿಡಿದು ನಿಂತ. "ಲೋ ಡಾರೆಲ್, ಇದು ಲಾರಿ ಅಲ್ಲ ಕಣೋ. ಉಳಿದಿದ್ದಕ್ಕೆ ಇನ್ನೊಂದ್ಸಲ ಬಾ."

"ಮತ್ತೆ ಎಂಬತ್ತು ಮೈಲಿ ಯಾರು ಸುತ್ತುತ್ತಾರೆ? ಹಾಕು ಹಾಕು."

"ನಿನ್ನ ಗಾಡಿ ಆಗಿದ್ರೆ ಹಿಂಗೇ ಅಂತಿದ್ಯಾ?"

ನಾನು ನಕ್ಕುಬಿಟ್ಟೆ. ಆ ನಗು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ದಾರಿಯುದ್ದಕ್ಕೂ ಪಿಕಪ್ಪಿನ ಹಿಂಬದಿ ಕುಸಿದು ಮೂತಿ ಮೇಲೆದ್ದಿತ್ತು. ಸ್ಟೇರಿಂಗ್ ತಿರುಗಿಸಿದರೆ ಗಾಡಿ ಒಂದು ಗಳಿಗೆ ಯೋಚನೆ ಮಾಡಿ ಆಮೇಲೆ ತಿರುಗುತ್ತಿತ್ತು. ಜೀವ ಕೈಯಲ್ಲಿ ಹಿಡಿದು ನಿಧಾನಕ್ಕೆ ಬಂದೆ. ನಮ್ಮೂರ ರೈಲು ಹಳಿ ದಾಟುವಾಗ ಕೆಳಗೆ ಢಬ್ ಅಂತು. ಮನೆಯಲ್ಲಿ ಬಿಲ್ಲೆಗಳನ್ನು ಇಳಿಸಿ, ಬಗ್ಗಿ ನೋಡಿದರೆ ಎಡಗಡೆಯ ಸ್ಪ್ರಿಂಗ್ ಪಟ್ಟಿಗಳಲ್ಲಿ ಒಂದು ಮುರಿದಿತ್ತು, ಗಾಡಿಯ ಅಡಿಚೌಕಟ್ಟಾದ ಚಾಸಿಯಲ್ಲಿ ಕೂದಲೆಳೆಯಷ್ಟು ಬಿರುಕು. ಮೇಲಿನಿಂದ ಏನೂ ಗೊತ್ತಾಗುತ್ತಿರಲಿಲ್ಲ. ಅದೇ ನನ್ನ ಬುದ್ಧಿ ಕೆಡಿಸಿದ್ದು.

ಒಂದು ಸಲ ತೊಳೆದೆ. ಮಾಡಿದ ತಪ್ಪು ಮುಚ್ಚಿಹೋಗಲಿ ಅಂತ ಇನ್ನೊಂದು ಸಲ ತೊಳೆದು, ಒರೆಸಿ, ಟ್ಯಾಂಕ್ ತುಂಬಿಸಿ ಆಕೆಯ ಅಂಗಳದಲ್ಲಿ ನಿಲ್ಲಿಸಿದೆ. ಕಾಫಿಗೆ ಕರೆದಳು.

"ಹೆಂಗೆ ಓಡ್ತು?"

"ಏನೂ ತೊಂದ್ರೆ ಇಲ್ಲಕ್ಕ."

"ಲೋವೆಲ್ ಕೂಡ ಇಷ್ಟು ಚೆನ್ನಾಗಿ ತೊಳೀತಿರ್ಲಿಲ್ಲ ಮಾರಾಯ." ಕಿಟಕಿಯಿಂದ ನೋಡುತ್ತಾ ನನ್ನ ಮುಂದೆ ಸಿಹಿಯ ತಟ್ಟೆ ಇಟ್ಟಳು. "ಡಾರೆಲ್, ಅದನ್ನ ನೀನೇ ಇಟ್ಕೋ."

"ಏನು?"

"ಪಿಕಪ್ಪು. ನಂಗೆ ಕಾರಿದೆ. ಕರ್ಟಿಸ್ ಕೇಳ್ತಿದ್ದ, ಲೋವೆಲ್ ತಮ್ಮನ ಮಗ. ಅದರಲ್ಲೇ ಡ್ರೈವಿಂಗ್ ಕಲಿತವನು, ಆಸೆ ಇರುತ್ತೆ ಪಾಪ. ನೀನು ಗಾಡಿ ನಿಲ್ಸೋದು ನೋಡಿ ಈಗಷ್ಟೇ ಅವನಿಗೆ ಫೋನ್ ಮಾಡಿ ಇಲ್ಲ ಅಂದೆ. 'ನಿನ್ನ ಕೈಗೆ ಕೊಟ್ರೆ ಸಿಕ್ಕಾಪಟ್ಟೆ ತುಂಬಿ ಮುರೀತೀಯ, ಡಾರೆಲ್‌ನ ನೋಡಿ ಕಲಿ' ಅಂದೆ. 'ಸರಿ ದೊಡ್ಡಮ್ಮ' ಅಂತ ಫೋನ್ ಇಟ್ಟ."

ತೆಗೆದುಕೊಂಡುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಗುಟ್ಟಾಗಿ ರಿಪೇರಿ ಮಾಡಿಸಬಹುದು. ಸುಳ್ಳೇಕೆ ಹೇಳಲಿ, ತಟ್ಟೆಯ ಒಂದು ತುಂಡು ಪೂರ್ತಿ ತಿನ್ನುವಷ್ಟು ಹೊತ್ತು ಹಾಗೇ ಲೆಕ್ಕ ಹಾಕಿದೆ. ನಾನು ಅಂಥವನೇ. ಎರಡನೆಯ ತುಂಡಿಗೆ ಕೈ ಹಾಕದೆ ತಟ್ಟೆ ಆಚೆ ಸರಿಸಿದೆ.

"ಅಕ್ಕ, ನಾಲ್ಕಲ್ಲ. ಹನ್ನೆರಡು ತುಂಬಿದೆ. ಸ್ಪ್ರಿಂಗ್ ಮುರಿದಿದೆ, ಚಾಸಿ ಬಿರುಕು ಬಿಟ್ಟಿದೆ."

ಆಕೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅಂಗಳದಲ್ಲಿ ಫಳಫಳ ಹೊಳೆಯುತ್ತಿದ್ದ ಗಾಡಿಯನ್ನು ತುಂಬ ಹೊತ್ತು ನೋಡಿದಳು. "ಸರಿ ಮಾಡಿಸ್ತೀನಕ್ಕ" ಎಂದೆ. ಆಕೆ ಕರ್ಟಿಸ್‌ನ ನಂಬರು ಒತ್ತಿ ಫೋನನ್ನು ನನ್ನ ಕೈಗೆ ಕೊಟ್ಟಳು.

"ನಂಗೆ ಹೇಳಿದ್ದಾಯ್ತಲ್ಲ. ಅವನಿಗೂ ಹೇಳು."

ಒಂದೇ ರಿಂಗಿಗೆ ಎತ್ತಿಕೊಂಡ.

"ದೊಡ್ಡಮ್ಮಾ? ಮನಸ್ಸು ಬದಲಾಯ್ತಾ?"

ಆ ದನಿಯಲ್ಲಿ ಇನ್ನೂ ಆಸೆ ಇತ್ತು.

"ಕರ್ಟಿಸ್, ನಾನು ಡಾರೆಲ್" ಅಂದೆ. "ಸಿಕ್ಕಾಪಟ್ಟೆ ತುಂಬಿ ಗಾಡಿ ಮುರಿದವನು ನಾನು ಕಣಪ್ಪ."