ಸಿಂಕಿನ ಪಕ್ಕದ ನಾಲ್ಕು ಡಬ್ಬಿಗಳು

ನಾನು ಏಕಾಂತಪ್ಪ. ಪ್ಯಾರೀಸ್ ಕಾರ್ನರ್ ಪೇಟೆಯಲ್ಲಿ ಮೂವತ್ತೊಂದು ವರ್ಷ ಪ್ಲಾಸ್ಟಿಕ್ ಡಬ್ಬಿ ಮಾರಿದವನು. ಗಿರಾಕಿಗಳಿಗೆ ಹೇಳುತ್ತಿದ್ದದ್ದು ಒಂದೇ ಮಾತು: ಮುಚ್ಚಳ ಬಿಗಿಯಾಗಿದ್ದರೆ ಒಳಗಿದ್ದದ್ದು ಕೆಡುವುದಿಲ್ಲ. ಹೇಳಿ ಹೇಳಿ ಕೊನೆಗೆ ನಾನೇ ನಂಬಿಬಿಟ್ಟೆ.

ನನ್ನ ಹೆಂಡತಿ ಜಯದೇವಿ ಮಾತ್ರ ನಂಬಲಿಲ್ಲ. ವೆಸ್ಟ್ ಮಾಂಬಲಂನ ನಮ್ಮ ಎರಡು ಕೋಣೆಯ ಫ್ಲಾಟಿನಲ್ಲಿ ಅವಳ ಸಿಂಕ್ ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಹಸಿರು ಸ್ಕ್ರಬ್ಬರಿಗೆ ತೂತು ಮಾಡಿ, ದಾರ ಕಟ್ಟಿ ನಲ್ಲಿಗೆ ನೇತು ಹಾಕಿರುತ್ತಿದ್ದಳು. ಕಾವಲಿ ಉಜ್ಜುವ ಸ್ಟೀಲ್ ನಾರು ಒಂದು ತೆಂಗಿನ ಚಿಪ್ಪಿನಲ್ಲಿ. ಹಾಲಿನ ಪಾತ್ರೆಯ ಸ್ಪಾಂಜು ಗೋಡೆಗೆ ಒರಗಿ ನಿಂತಿರುತ್ತಿತ್ತು. ಪೂಜೆಯ ಪಾತ್ರೆ ಉಜ್ಜುವ ತೆಂಗಿನ ನಾರನ್ನಂತೂ ಕಿಟಕಿಯ ಕಂಬಿಗೆ ಸಿಕ್ಕಿಸಿಬಿಡುತ್ತಿದ್ದಳು, ಹಕ್ಕಿ ಅರ್ಧ ಕಟ್ಟಿ ಬಿಟ್ಟುಹೋದ ಗೂಡಿನ ಹಾಗೆ. ಬಂದವರು ಏನಂದುಕೊಂಡಾರು ಎಂದರೆ, "ಬಂದೋರು ಪಾತ್ರೆ ತೊಳೀತಾರೇನ್ರಿ? ಅದಕ್ಕೆ ಬಿಸಿಲು ಕಾಣ್ಬೇಕು" ಅನ್ನುತ್ತಿದ್ದಳು. ಡಬ್ಬಿ ವ್ಯಾಪಾರಿಯ ಮನೆಯಲ್ಲಿ ಇಂಥ ಸಿಂಕ್. ದೀಪದ ಬುಡ ಕತ್ತಲೆ ಅಂದರೆ ಇದೇ ಎಂದುಕೊಳ್ಳುತ್ತಿದ್ದೆ.

ಇಲ್ಲಿಯ ತಮಿಳರ ಆಡಿ ತಿಂಗಳು ಮುಗಿಯುವ ಹೊತ್ತಿಗೆ ಅವಳಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ಆಸ್ಪತ್ರೆಯಲ್ಲಿ ಇಪ್ಪತ್ತಾರು ದಿನ ಇಟ್ಟುಕೊಂಡು ಔಷಧಿ ಏರಿಸಿದರು. ಮನೆಗೆ ಕಳಿಸುವ ಮುಂಚೆ ಡಾಕ್ಟರು ನನ್ನನ್ನು ಕೂರಿಸಿ ಹೇಳಿದರು: ಬಿಳಿ ರಕ್ತಕಣ ಏನೇನೂ ಉಳಿದಿಲ್ಲ, ಮತ್ತೆ ಏರುವವರೆಗೆ ಒಂದು ಸಣ್ಣ ಸೋಂಕು ತಗುಲಿದರೂ ಉಳಿಸುವುದು ಕಷ್ಟ. ಹಸಿ ಹಣ್ಣು ಬೇಡ, ಹೂವು ಬೇಡ, ನೆಂಟರು ಬೇಡ. ಹದಿನಾಲ್ಕು ವರ್ಷದಿಂದ ಪಾತ್ರೆ ತೊಳೆಯುತ್ತಿದ್ದ ಬೇಬಿಯನ್ನೂ ಬರಬೇಡವೆಂದೆ. ಅವಳು ಬಾಗಿಲಾಚೆ ನಿಂತು ಸ್ವಲ್ಪ ಹೊತ್ತು ಅತ್ತು ಹೋದಳು. ವಡಪಳನಿಯಲ್ಲಿರುವ ಮಗಳು ಕೋಮಲಾಳ ಮನೆಯಲ್ಲಿ ಮಕ್ಕಳಿಗೆ ನೆಗಡಿ, ಅವಳೂ ಬರುವಂತಿರಲಿಲ್ಲ. ಜಯದೇವಿಯನ್ನು ಕಾಯುವುದಕ್ಕೆ ಉಳಿದವನು ನಾನೊಬ್ಬನೇ.

ಅವಳು ಮನೆಗೆ ಬರುವ ಹಿಂದಿನ ದಿನ ನಾನು ಸಿಂಕಿಗೆ ಕೈ ಹಚ್ಚಿದೆ. ಅಂಗಡಿ ಮುಚ್ಚಿದಾಗ ಉಳಿಸಿಕೊಂಡಿದ್ದ ನಾಲ್ಕು ಒಳ್ಳೆಯ ಡಬ್ಬಿ ತೆಗೆದೆ. ಕುದಿಯುವ ನೀರಲ್ಲಿ ತೊಳೆದು, ಪ್ರತಿಯೊಂದರ ಮೇಲೂ ಚೀಟಿ ಅಂಟಿಸಿದೆ: ಊಟದ ಪಾತ್ರೆ, ಹಾಲು, ಕಾವಲಿ, ಪೂಜೆ. ಎಲ್ಲದರೊಳಗೂ ಹೊಸ ಸ್ಕ್ರಬ್ಬರು, ಹೊಸ ನಾರು. ಉಜ್ಜಿದ ತಕ್ಷಣ ಒಳಗೆ, ಮೇಲೆ ಮುಚ್ಚಳ. ನೊಣ ಕೂರುವಂತಿಲ್ಲ, ಜಿರಲೆ ಮುಟ್ಟುವಂತಿಲ್ಲ. ನಾಲ್ಕೂ ಡಬ್ಬಿ ಸಾಲಾಗಿ ನಿಂತದ್ದನ್ನು ನೋಡಿ ನಿಜವಾಗಿ ಹೆಮ್ಮೆಪಟ್ಟೆ. ಅವಳು ಎದ್ದು ಓಡಾಡುವಂತಾದ ಮೇಲೆ ತೋರಿಸೋಣ, ಅಲ್ಲಿಯವರೆಗೆ ಬಾಯಿಬಿಡುವುದು ಬೇಡ ಎಂದುಕೊಂಡೆ.

ಜಯದೇವಿ ಎಲ್ಲ ಪಥ್ಯಕ್ಕೂ ಒಪ್ಪಿದಳು. ಒಂದನ್ನು ಮಾತ್ರ ಬಿಡಲಿಲ್ಲ. ಬೆಳಿಗ್ಗೆ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆ ಮಾಡಿ, ಅದರ ಮೇಲೆ ಎರೆದ ನೀರನ್ನು ಪಾದೋದಕವೆಂದು ಕುಡಿಯದೆ ಅವಳ ಬಾಯಿಗೆ ಕಾಫಿಯೂ ಇಳಿಯುತ್ತಿರಲಿಲ್ಲ. ಡಾಕ್ಟರನ್ನು ಕೇಳಿದೆ. ಕಾಯಿಸಿ ಆರಿಸಿದ ನೀರಾದರೆ ಆಗಬಹುದು ಎಂದರು. ಗಡಿಯಾರ ನೋಡಿಕೊಂಡು ಇಪ್ಪತ್ತು ನಿಮಿಷ ನೀರು ಕುದಿಸುತ್ತಿದ್ದೆ. ಬೆಳ್ಳಿ ಬಟ್ಟಲನ್ನು ವಿಭೂತಿ ಹಾಕಿ, ಪೂಜೆಯ ನಾರಿನಲ್ಲಿ ಉಜ್ಜಿ, ಅದೇ ಕಾಯಿಸಿದ ನೀರಲ್ಲಿ ತೊಳೆದು ಹಾಸಿಗೆಯ ಬಳಿ ಒಯ್ಯುತ್ತಿದ್ದೆ.

ಮೊದಲ ದಿನವೇ ಕೇಳಿದಳು. "ನಾರು ಬಿಸಿಲಲ್ಲೈತೇನ್ರಿ?"

"ಐತೆ," ಎಂದೆ.

"ನಿಮ್ಮ ಕೈಗೆ ಅಡಿಗೆಮನೆ ಕೊಟ್ಟಿದ್ದು ಕೋತಿ ಕೈಗೆ ಮಾಣಿಕ್ಯ ಕೊಟ್ಟಂಗಾಗೈತೆ. ಅದಕ್ಕೇ ಕೇಳ್ದೆ. ಹಂಗಾದ್ರೆ ಕೊಡ್ರಿ."

ದಿನವೂ ಅದೇ ಪ್ರಶ್ನೆ, ದಿನವೂ ಅದೇ ಸುಳ್ಳು. ಸುಳ್ಳೆಂದು ನನಗೆ ಅನ್ನಿಸಿರಲೂ ಇಲ್ಲ. ಬಿಸಿಲಿಗಿಂತ ಒಳ್ಳೆಯ ಜಾಗದಲ್ಲಿದೆ ಎಂದೇ ತಿಳಿದಿದ್ದೆ. ಅವಳು "ಹಂಗಾದ್ರೆ ಕೊಡ್ರಿ" ಎಂದು ಬಾಯಿ ತೆರೆಯುತ್ತಿದ್ದಳು, ನಾನು ಬಟ್ಟಲು ಹಿಡಿಯುತ್ತಿದ್ದೆ.

ಹತ್ತನೆಯ ದಿನ ಮಧ್ಯಾಹ್ನ ಚಳಿ ಶುರುವಾಯಿತು. ಎರಡು ಹೊದಿಕೆ ಹೊದಿಸಿದರೂ ಮಂಚವೇ ಅಲುಗಾಡುವಷ್ಟು ನಡುಕ. ಆಂಬ್ಯುಲೆನ್ಸಿನಲ್ಲಿ ಒಯ್ದೆವು. ರಕ್ತಕ್ಕೆ ಸೋಂಕು ಇಳಿದಿದೆ ಎಂದರು.

ಅವಳ ಬಟ್ಟೆ ತೆಗೆದುಕೊಳ್ಳಲು ಸಂಜೆ ಕೋಮಲಾ ನನ್ನ ಜೊತೆ ಮನೆಗೆ ಬಂದಳು. ಅಡಿಗೆಮನೆಗೆ ಹೋದವಳು ಪೂಜೆಯ ಡಬ್ಬಿಯ ಮುಚ್ಚಳ ತೆಗೆದು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಅವಳು ಇಲ್ಲೇ ಹುಟ್ಟಿ ಬೆಳೆದವಳು, ಗಾಬರಿಯಾದರೆ ಬಾಯಿಗೆ ಕನ್ನಡ ಬರುವುದಿಲ್ಲ, ತಮಿಳೇ ಬರುತ್ತದೆ.

"ಎನ್ನಪ್ಪಾ ಇದು? ಈರಮಾವೇ ಮೂಡಿ ವೆಚ್ಚೀಂಗಳಾ?"

ಒದ್ದೆಯಾಗಿಯೇ ಮುಚ್ಚಿಟ್ಟಿರಾ ಎಂದು ಕೇಳುತ್ತಿದ್ದಳು. ನಾನು ಡಬ್ಬಿಯನ್ನು ಮೂಗಿನ ಹತ್ತಿರ ತಂದೆ. ಏನೂ ಗೊತ್ತಾಗಲಿಲ್ಲ. ಕೊರೊನಾ ಬಂದು ಹೋದಾಗಿನಿಂದ ನನ್ನ ಮೂಗು ಸತ್ತಿದೆ. ಬೆರಳಿಟ್ಟು ನೋಡಿದೆ. ನಾರಿನ ತುಂಬ ಲೋಳೆ, ಬುಡದಲ್ಲಿ ಕಪ್ಪು ನೀರು. ಹತ್ತು ದಿನ ಅದರಲ್ಲೇ ಉಜ್ಜಿದ್ದೆ, ಕಣ್ಣಿಗೆ ಚಾಳೀಸು ಏರಿಸದೆ, ಮಂತ್ರ ಹೇಳಿಕೊಳ್ಳುತ್ತ.

ಡಾಕ್ಟರರ ಮುಂದೆ ಎಲ್ಲವನ್ನೂ ಹೇಳಿದೆ. "ಎಲ್ಲಿಂದಾದರೂ ಬಂದಿರಬಹುದು ಸಾರ್, ಅವರ ಕರುಳಿನಿಂದಲೇ ಬಂದಿರಬಹುದು, ಖಚಿತವಾಗಿ ಹೇಳಲಾಗದು" ಎಂದರು. ಒಳ್ಳೆಯ ಮನುಷ್ಯ. ಆ ಮಾತನ್ನು ಹಿಡಿದುಕೊಂಡು ಬದುಕಬಹುದೇ ಎಂದು ದಿನವೂ ನೋಡುತ್ತೇನೆ. ಆಗುವುದಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಆಸ್ಪತ್ರೆ ಸೇರಿದ ಎಂಟನೆಯ ದಿನ ಆ ಡಾಕ್ಟರೇ ಹೊರಗೆ ಕರೆದು ಹೇಳಿದರು. "ಇನ್ನು ಪಥ್ಯವೇನೂ ಬೇಡ. ಕೇಳಿದ್ದನ್ನು ಕೊಡಿ."

ಅವಳು ಕೇಳಿದ್ದು ಪಾದೋದಕ.

ಮನೆಗೆ ಹೋದೆ. ನಾಲ್ಕು ಡಬ್ಬಿಗಳನ್ನೂ ಕಸದ ತೊಟ್ಟಿಗೆ ಎಸೆದೆ. ಸ್ಟೇಷನ್ನಿನ ಪಕ್ಕದ ಅಂಗಡಿಯಿಂದ ಒಂದು ಕಾಯಿ ತಂದು, ಸಿಪ್ಪೆಯ ನಾರು ಕಿತ್ತು, ಬಟ್ಟಲನ್ನು ಮೂರು ಸಲ ಉಜ್ಜಿದೆ. ಆಮೇಲೆ ನಾರನ್ನು ಹಿಂಡಿ ಕಿಟಕಿಯ ಕಂಬಿಗೆ ಸಿಕ್ಕಿಸಿದೆ. ಹನ್ನೊಂದು ಗಂಟೆಯ ಬಿಸಿಲು ನೇರವಾಗಿ ಅದರ ಮೇಲೇ ಬೀಳುತ್ತಿತ್ತು. ಮೂವತ್ತು ವರ್ಷ ಅವಳು ಆ ಜಾಗವನ್ನು ಯಾಕೆ ಬಿಟ್ಟುಕೊಡಲಿಲ್ಲವೆಂದು ಅಲ್ಲಿ ನಿಂತಾಗ ಗೊತ್ತಾಯಿತು.

ಬಟ್ಟಲು ಹಿಡಿದು ಆಸ್ಪತ್ರೆಗೆ ಮರಳುವ ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡೆ. ಅವಳಿಗೆ ನಿಜ ಹೇಳಿಬಿಡಬೇಕು, ಅವಳು ಬೈದರೆ ಬೈಸಿಕೊಳ್ಳಬೇಕು.

ಅವಳ ಅಂಗೈಯನ್ನು ನಾನೇ ಎತ್ತಿ ಹಿಡಿದೆ. ಲಿಂಗದ ಮೇಲೆ ನೀರೆರೆದು ಬಟ್ಟಲಿಗೆ ಬಿಟ್ಟುಕೊಂಡೆ. ಕಣ್ಣು ಅರ್ಧ ತೆರೆದಳು.

"ನಾರು ಬಿಸಿಲಲ್ಲೈತೇನ್ರಿ?"

"ಐತೆ," ಎಂದೆ. ಅವಳಿಗೆ ನಾನು ಹೇಳಿದ ಆ ಮಾತು ನಿಜವಾದದ್ದು ಅದೊಂದೇ ಸಲ. "ಜಯಾ, ಆ ಹತ್ತು ದಿನ..." ಎಂದು ಶುರು ಮಾಡಿದೆ.

"ಹಂಗಾದ್ರೆ ಕೊಡ್ರಿ," ಎಂದು ಬಾಯಿ ತೆರೆದಳು.

ನಾನು ಬಟ್ಟಲು ಹಿಡಿದೆ.